ಹಾರಲು ಎರಡು ಲಕ್ಷದ ಕಂಪ್ಯೂಟರ್ ಬೇಕೆ?

ಫ್ಲೈಟ್ ಸಿಮ್ಯುಲೇಟರ್ ಆಡಲು ಯಾವ ಕಂಪ್ಯೂಟರ್ ಕೊಳ್ಳಬೇಕು ಎಂದು ಯಾರನ್ನೇ ಕೇಳಿ, ಉತ್ತರ ಸಿದ್ಧವಾಗಿರುತ್ತದೆ. ಕಂಪ್ಯೂಟರ್ ಆಟಗಳಲ್ಲೆಲ್ಲ ಅತಿ ಭಾರದ್ದು ಅದು, ಅದಕ್ಕೆ ಅತಿ ದೊಡ್ಡ ಗ್ರಾಫಿಕ್ಸ್ ಕಾರ್ಡೇ ಆಗಬೇಕು, ಫೋರ್‌ಕೆ ಮಾನಿಟರ್ ಇಲ್ಲದಿದ್ದರೆ ಏನೂ ಪ್ರಯೋಜನವಿಲ್ಲ, ಎರಡು ಲಕ್ಷ ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಹೀಗೆ ಹೇಳುತ್ತಾರೆ, ಯೂಟ್ಯೂಬಿನ ವಿಮರ್ಶಕರು ಹೇಳುತ್ತಾರೆ, ಎಂಜಿನಿಯರಿಂಗ್ ಓದುವ ಅಣ್ಣಂದಿರು ಪಿಯುಸಿ ಓದುವ ತಮ್ಮಂದಿರಿಗೆ ಹೇಳುತ್ತಾರೆ. ಎಲ್ಲರೂ ಹೇಳುವುದರಿಂದ ಅದು ನಿಜವೆಂದೇ ನಿಂತುಬಿಟ್ಟಿದೆ.

ಈ ಮಾತು ಸುಳ್ಳು. ಸುಳ್ಳಾಗಿ ಸುಮ್ಮನಿದ್ದರೆ ಅದರ ಬಗ್ಗೆ ಇಷ್ಟುದ್ದ ಬರೆಯಬೇಕಾಗಿರಲಿಲ್ಲ. ಇದನ್ನು ಕೇಳಿ ಹಿಂದೆ ಸರಿಯುವವರು ದುಡ್ಡಿದ್ದವರಲ್ಲ. ಅವರು ಹೇಗೂ ಕೊಳ್ಳುತ್ತಾರೆ. ಹಿಂದೆ ಸರಿಯುವುದು ಗದಗದಲ್ಲೋ ಸಾಗರದಲ್ಲೋ ಇರುವ, ವಿಮಾನವೆಂದರೆ ಜೀವ ಬಿಡುವ, ಫ್ಲೈಯಿಂಗ್ ಸ್ಕೂಲಿನ ಶುಲ್ಕ ಕೇಳಿದರೆ ಮನೆಯವರು ಗಾಬರಿಯಾಗುವಂಥ ಹುಡುಗ ಹುಡುಗಿಯರು. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೇಳುವ 200 ಗಂಟೆಗಳ ಹಾರಾಟಕ್ಕೆ ಲಕ್ಷ ಲಕ್ಷ ಸುರಿಯುವ ಮೊದಲು ಈ ವಿದ್ಯೆ ತನಗೆ ಒಗ್ಗುತ್ತದೆಯೇ ಎಂದು ನೋಡಿಕೊಳ್ಳಲು ಅವರಿಗಿರುವ ಅಗ್ಗದ ದಾರಿ ಮನೆಯ ಸಿಮ್ಯುಲೇಟರ್ ಒಂದೇ. ಆ ದಾರಿಯ ಬಾಯಲ್ಲೇ ಎರಡು ಲಕ್ಷದ ಗೇಟು ಹಾಕಿ ನಿಲ್ಲಿಸುವುದು ಅನ್ಯಾಯ.

ಮೊದಲು ತಯಾರಕರೇ ಏನು ಹೇಳಿದ್ದಾರೆ ನೋಡೋಣ. 2020ರ ಆಗಸ್ಟಿನಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂದಾಗ, ಅದನ್ನು ರೂಪಿಸಿದ ಫ್ರಾನ್ಸಿನ ಅಸೋಬೋ ಸ್ಟುಡಿಯೋ ಕನಿಷ್ಠ ಅಗತ್ಯವೆಂದು ಕೊಟ್ಟದ್ದು ಇಂಟೆಲ್ ಐ5-4460 ಪ್ರೊಸೆಸರ್, ಎನ್‌ವಿಡಿಯಾ ಜಿಟಿಎಕ್ಸ್ 770 ಕಾರ್ಡ್, 8 ಜಿಬಿ ರ್ಯಾಮ್. ಶಿಫಾರಸು ಮಾಡಿದ್ದು ಐ5-8400, ಜಿಟಿಎಕ್ಸ್ 970, 16 ಜಿಬಿ. ಜಿಟಿಎಕ್ಸ್ 970 ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ಭೂಮಂಡಲವನ್ನೇ ಬಿಂಗ್ ನಕ್ಷೆಗಳಿಂದ ಕಟ್ಟಿ ತೋರಿಸುತ್ತೇವೆಂದು ಹೊರಟ ಸಿಮ್ಯುಲೇಟರಿಗೆ ಅದರ ತಯಾರಕರೇ ಆರು ವರ್ಷ ಹಳೆಯ ಕಾರ್ಡನ್ನು ಶಿಫಾರಸು ಮಾಡಿದ್ದರು. ಅದರ ಮುಂದಿನ ಅವತಾರ 2024ರ ನವೆಂಬರಿನಲ್ಲಿ ಬಂದಾಗಲೂ ಕನಿಷ್ಠದ ಪಟ್ಟಿಯಲ್ಲಿ ಅದೇ ಜಿಟಿಎಕ್ಸ್ 970 ಇತ್ತು, ರ್ಯಾಮ್ 16 ಜಿಬಿಗೆ ಏರಿತ್ತು. ಎರಡು ಲಕ್ಷದ ಮಾತು ಈ ಪಟ್ಟಿಗಳಲ್ಲಿ ಎಲ್ಲೂ ಇಲ್ಲ. ಅದು ಹುಟ್ಟಿದ್ದು ‘ಅಲ್ಟ್ರಾ’ ಎಂಬ ಒಂದು ಬಟನ್ನಿನಲ್ಲಿ, ಅದನ್ನು ಒತ್ತಿ ತೆಗೆದ ವೀಡಿಯೊಗಳಲ್ಲಿ.

ಇನ್ನೂ ಗಟ್ಟಿ ಪುರಾವೆ ಬೇಕೆಂದರೆ ಮೈಕ್ರೋಸಾಫ್ಟಿನ ಗೇಮ್ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ನೋಡಿ. ಭಾರತದಲ್ಲಿ ಅದು 34,990 ರೂಪಾಯಿಗೆ ಮಾರಾಟಕ್ಕೆ ಬಂತು. ಒಟ್ಟು ಮೆಮೊರಿಯೇ 10 ಜಿಬಿ. 2021ರ ಜುಲೈ 27ರಂದು ಇದೇ ಸಿಮ್ಯುಲೇಟರ್ ಆ ಪುಟ್ಟ ಪೆಟ್ಟಿಗೆಯ ಮೇಲೆ ಹಾರಿತು, ಸೆಕೆಂಡಿಗೆ ಸುಮಾರು 30 ಫ್ರೇಮಿನ ವೇಗದಲ್ಲಿ. ಮೂವತ್ತೈದು ಸಾವಿರದ ಪೆಟ್ಟಿಗೆ ಮಾಡುವ ಕೆಲಸಕ್ಕೆ ಕಂಪ್ಯೂಟರಿನಲ್ಲಿ ಎರಡು ಲಕ್ಷ ಏಕೆ ಬೇಕು ಎಂಬ ಪ್ರಶ್ನೆಗೆ ಎರಡು ಲಕ್ಷದ ಪಂಥದವರು ಕೊಡುವ ಉತ್ತರ ಒಂದೇ: ಮೂವತ್ತು ಫ್ರೇಮ್ ಸಾಲದು, ಅರವತ್ತಾದರೂ ಬೇಕು, ನೂರ ನಲವತ್ತನಾಲ್ಕಿದ್ದರೆ ಒಳ್ಳೆಯದು.

ಈ ವಾದದ ಬೇರು ಇರುವುದು ಇಲ್ಲಿಯೇ. ನೂರ ನಲವತ್ತನಾಲ್ಕು ಎಂಬ ಸಂಖ್ಯೆ ಗುಂಡು ಹಾರಿಸುವ ಆಟಗಳಿಂದ ಬಂದದ್ದು. ಅಲ್ಲಿ ಎದುರಾಳಿ ಗೋಡೆಯ ಮರೆಯಿಂದ ಇಣುಕುವ ಕ್ಷಣಾರ್ಧದಲ್ಲಿ ಸೋಲು ಗೆಲುವು ತೀರ್ಮಾನವಾಗುತ್ತದೆ, ಆದ್ದರಿಂದ ಅವರ ಬೇಡಿಕೆ ಅವರಿಗೆ ಸರಿ. ವಿಮಾನ ಹಾಗಲ್ಲ. ಸೆಸ್ನಾ 172 ರನ್‌ವೇ ಕಡೆಗೆ ಇಳಿಯುವಾಗ ಅದರ ವೇಗ ಸುಮಾರು 65 ನಾಟ್, ಅಂದರೆ ಗಂಟೆಗೆ 120 ಕಿಲೋಮೀಟರ್. ಮೂರು ಡಿಗ್ರಿಯ ಇಳಿಜಾರಿನಲ್ಲಿ ಅದು ನಿಮಿಷಕ್ಕೆ ಸುಮಾರು 350 ಅಡಿ ಕೆಳಗಿಳಿಯುತ್ತದೆ. ಲೆಕ್ಕ ಹಾಕಿ: ಸೆಕೆಂಡಿಗೆ 30 ಫ್ರೇಮಿದ್ದರೆ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ವಿಮಾನ ಇಳಿಯುವುದು ಎರಡು ಚಿಲ್ಲರೆ ಅಂಗುಲ. ಮೋಡದೊಳಗೆ ಪೈಲಟ್ ತೆಗೆದುಕೊಳ್ಳುವ ಪ್ರಮಾಣಿತ ತಿರುವು ಸೆಕೆಂಡಿಗೆ ಮೂರು ಡಿಗ್ರಿ. ಪೂರ್ತಿ ಸುತ್ತು ಬರಲು ಎರಡು ನಿಮಿಷ. ಮೂವತ್ತು ಫ್ರೇಮಿನಲ್ಲಿ ಒಂದೊಂದು ಫ್ರೇಮಿಗೆ ಆ ತಿರುವು ಡಿಗ್ರಿಯ ಹತ್ತನೇ ಒಂದು ಭಾಗ. ಎರಡು ಅಂಗುಲದ ಇಳಿತವನ್ನು, ಹತ್ತನೇ ಒಂದು ಡಿಗ್ರಿಯ ತಿರುವನ್ನು ಇನ್ನೂ ಐದು ಹೋಳು ಮಾಡಿ ತೋರಿಸಿದರೆ ಕೈಗೆ ಹೊಸದಾಗಿ ಸಿಗುವ ತಿಳಿವಳಿಕೆ ಏನು? ಏನೂ ಇಲ್ಲ. ಸಿನಿಮಾ ಓಡುವುದೇ 24 ಫ್ರೇಮಿನಲ್ಲಿ.

ಕೆಳಮಿತಿ ಇಲ್ಲವೇ ಎಂದರೆ ಇದೆ, ಅದು ತಾಂತ್ರಿಕವಾಗಿ ಸ್ಪಷ್ಟವೂ ಆಗಿದೆ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್ ರೆಕ್ಕೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ ಪ್ರತಿ ತುಂಡಿನ ಮೇಲೂ ಗಾಳಿಯ ಬಲ ಎಷ್ಟೆಂದು ಪ್ರತಿ ಫ್ರೇಮಿಗೂ ಲೆಕ್ಕ ಹಾಕುತ್ತದೆ. ಫ್ರೇಮುಗಳು ಸೆಕೆಂಡಿಗೆ ಇಪ್ಪತ್ತರ ಸುತ್ತಿಗಿಂತ ಕೆಳಗೆ ಕುಸಿದರೆ ಈ ಲೆಕ್ಕ ಕೆಡುತ್ತದೆ. ಕೆಡಬಾರದೆಂದು ಅದು ತನ್ನೊಳಗಿನ ಗಡಿಯಾರವನ್ನೇ ನಿಧಾನ ಮಾಡಿಕೊಳ್ಳುತ್ತದೆ. ಅಂದರೆ ವಿಮಾನದ ಭೌತಶಾಸ್ತ್ರವನ್ನು ನಂಬಿ ಬದುಕುವ ತಂತ್ರಾಂಶವೊಂದು ಗೆರೆ ಎಳೆದಿರುವುದು ಇಪ್ಪತ್ತರಲ್ಲಿ. ಮೂವತ್ತಿದ್ದರೆ ನೆಮ್ಮದಿ. ನಿಜವಾಗಿ ತೊಂದರೆ ಕೊಡುವುದು ಫ್ರೇಮುಗಳ ಸಂಖ್ಯೆಯಲ್ಲ, ಅವುಗಳ ಏರುಪೇರು. ಅರವತ್ತಕ್ಕೆ ಏರಿ ಇಪ್ಪತ್ತೈದಕ್ಕೆ ಬೀಳುವ ಯಂತ್ರಕ್ಕಿಂತ ಮೂವತ್ತಕ್ಕೆ ಬೀಗ ಹಾಕಿ ಕೂತ ಯಂತ್ರ ಎಷ್ಟೋ ಮೇಲು. ಹಾಗೆ ಬೀಗ ಹಾಕುವ ಸೌಲಭ್ಯ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಲ್ಲೇ ಇದೆ, ಪುಕ್ಕಟೆಯಾಗಿ.

ದೊಡ್ಡ ಕಾರ್ಡಿನ ಭಕ್ತಿಗೆ ಇನ್ನೊಂದು ಪೆಟ್ಟು ಸಿಮ್ಯುಲೇಟರಿನ ಕೆಲಸದ ರೀತಿಯಲ್ಲೇ ಇದೆ. ಎಂಜಿನ್ನು, ಇಂಧನ, ಗಾಳಿ, ಆಟೋಪೈಲಟ್, ಸುತ್ತಲಿನ ವಿಮಾನಗಳು, ನೆಲದ ದೃಶ್ಯವನ್ನು ಡಿಸ್ಕಿನಿಂದ ಎತ್ತಿ ಜೋಡಿಸುವುದು, ಇವೆಲ್ಲ ಪ್ರೊಸೆಸರಿನ ಕೆಲಸ. ಅದರಲ್ಲೂ ಬಹುಪಾಲು ಒಂದೇ ಮುಖ್ಯ ಎಳೆಯ (ಮೇನ್ ಥ್ರೆಡ್) ಮೇಲೆ, ಒಂದೇ ಕೋರಿನ ಮೇಲೆ ಬೀಳುತ್ತದೆ. ಆ ಕೋರ್ ತನ್ನ ಲೆಕ್ಕ ಮುಗಿಸುವವರೆಗೆ ಗ್ರಾಫಿಕ್ಸ್ ಕಾರ್ಡ್ ಕಾಯಬೇಕು. ಮೈಕ್ರೋಸಾಫ್ಟಿನ ಸಿಮ್ಯುಲೇಟರಿನಲ್ಲಿ ಡೆವಲಪರ್ ಮೋಡ್ ಹಾಕಿ ಫ್ರೇಮಿನ ಲೆಕ್ಕ ತೆರೆದರೆ, ತಡೆ ಎಲ್ಲಿದೆ ಎಂದು ಅದೇ ಬರೆದು ತೋರಿಸುತ್ತದೆ. ದೊಡ್ಡ ವಿಮಾನ ನಿಲ್ದಾಣದಲ್ಲಿ ನಿಂತು ನೋಡಿದರೆ ಬಹಳ ಸಲ ಅಲ್ಲಿ ಕಾಣುವುದು ಮುಖ್ಯ ಎಳೆಯ ಹೆಸರೇ. 2022ರ ಅಕ್ಟೋಬರಿನಲ್ಲಿ 1,599 ಡಾಲರಿಗೆ ಬಂದ ಆರ್‌ಟಿಎಕ್ಸ್ 4090 ಕೂಡ ಆ ಹೊತ್ತಿನಲ್ಲಿ ಕೈಕಟ್ಟಿ ಕೂತಿರುತ್ತದೆ. ಎಎಂಡಿಯ 5800ಎಕ್ಸ್3ಡಿಯಂಥ, ದೊಡ್ಡ ಕ್ಯಾಶ್ ಮೆಮೊರಿ ಇರುವ ಪ್ರೊಸೆಸರುಗಳು ಸಿಮ್ಯುಲೇಟರಿನವರಿಗೆ ಅಷ್ಟು ಪ್ರಿಯವಾಗಿದ್ದೂ ಇದೇ ಕಾರಣಕ್ಕೆ. ಅದನ್ನೇ ಕೊಳ್ಳಿ ಎನ್ನುತ್ತಿಲ್ಲ. ಹಣದ ತೂಕ ಯಾವ ಕಡೆ ಬೀಳಬೇಕು ಎಂಬುದಕ್ಕೆ ಸಾಕ್ಷಿ ಹೇಳುತ್ತಿದ್ದೇನೆ.

ಫೋರ್‌ಕೆ ವಿಷಯ ಬೇಗ ಮುಗಿಸಬಹುದು. ಸಾಮಾನ್ಯ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು 20 ಲಕ್ಷ ಬಿಂದುಗಳು. ಫೋರ್‌ಕೆಯಲ್ಲಿ ಸುಮಾರು 83 ಲಕ್ಷ. ಕಾರ್ಡಿನ ಮೇಲೆ ನಾಲ್ಕು ಪಟ್ಟು ಹೊರೆ ಹೊರಿಸಿ, ಹೊರೆ ತಡೆಯುತ್ತಿಲ್ಲ, ದೊಡ್ಡ ಕಾರ್ಡ್ ತನ್ನಿ ಎನ್ನುವುದು ಯಾವ ನ್ಯಾಯ? ರನ್‌ವೇ ಪಕ್ಕದ ದೀಪಗಳಲ್ಲಿ ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಜಾರು ಸರಿಯಿದೆ ಎಂದು ಅರ್ಥ. ಅದು ಫುಲ್ ಎಚ್‌ಡಿಯಲ್ಲೂ ಕಾಣುತ್ತದೆ.

‘ಈಗ ಜಾಸ್ತಿ ಹಾಕಿದರೆ ಮುಂದೆ ಹತ್ತು ವರ್ಷ ಚಿಂತೆಯಿಲ್ಲ’ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ಮನೆಗಳನ್ನು ಹಾಳು ಮಾಡಿದೆ. ಸಿಮ್ಯುಲೇಟರುಗಳ ಇತಿಹಾಸವೇ ಇದಕ್ಕೆ ವಿರುದ್ಧ ಸಾಕ್ಷಿ ನುಡಿಯುತ್ತದೆ. ಮೈಕ್ರೋಸಾಫ್ಟಿನ ಹಳೆಯ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ 2006ರ ಅಕ್ಟೋಬರಿನಲ್ಲಿ ಬಂತು. ಮುಂದಿನ ವರ್ಷಗಳಲ್ಲಿ ಒಂದೇ ಕೋರಿನ ವೇಗ ಏರುತ್ತಲೇ ಹೋಗುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಕಟ್ಟಲಾಗಿತ್ತು. ಆಗ ಪೆಂಟಿಯಂ 4 ಯಂತ್ರಗಳು 3.8 ಗಿಗಾಹರ್ಟ್ಸ್ ಮುಟ್ಟಿ ಬಿಸಿಯಲ್ಲಿ ಬೆಂದು ಅಲ್ಲೇ ನಿಂತಿದ್ದವು. ಅದೇ ವರ್ಷದ ಜುಲೈನಲ್ಲಿ ಬಂದ ಕೋರ್ 2 ಡ್ಯುಯೊ ಕಡಿಮೆ ಗಿಗಾಹರ್ಟ್ಸಿನಲ್ಲೇ ಅವನ್ನು ಹಿಂದೆ ಹಾಕಿತು, ಇಡೀ ಉದ್ಯಮ ಹೆಚ್ಚು ಕೋರುಗಳ ಕಡೆ ತಿರುಗಿತು. ಮುಂದಿನ ಹತ್ತು ವರ್ಷಕ್ಕೆಂದು ಅತಿ ವೇಗದ ಪೆಂಟಿಯಂಗೆ ಹಣ ಸುರಿದವರ ಲೆಕ್ಕ ಬೇಗನೆ ತಲೆಕೆಳಗಾಯಿತು. ಭವಿಷ್ಯ ಯಾವ ದಿಕ್ಕಿಗೆ ತಿರುಗುತ್ತದೆಂದು ಸಿಮ್ಯುಲೇಟರ್ ಬರೆದ ಮೈಕ್ರೋಸಾಫ್ಟಿನ ಎಂಜಿನಿಯರುಗಳಿಗೇ ಗೊತ್ತಿರಲಿಲ್ಲ. ಅಂಗಡಿಯವನಿಗೆ ಹೇಗೆ ಗೊತ್ತಿದ್ದೀತು?

ಇನ್ನೂ ಹತ್ತಿರದ ಉದಾಹರಣೆ 2021ರದ್ದು. 2020ರ ಸಿಮ್ಯುಲೇಟರ್ ಮೊದಲ ವರ್ಷ ಬಹಳ ತೆವಳಿತು. ಸಾಕಷ್ಟು ಜನ ತಮ್ಮ ಯಂತ್ರವೇ ದುರ್ಬಲವೆಂದು ನಂಬಿ ಕಾರ್ಡ್ ಬದಲಾಯಿಸಿದರು, ಅದೂ ಕ್ರಿಪ್ಟೊ ಗಣಿಗಾರರು ಕಾರ್ಡುಗಳನ್ನೆಲ್ಲ ಬಾಚಿಕೊಂಡು ಬೆಲೆ ಮುಗಿಲು ಮುಟ್ಟಿದ್ದ ಕಾಲದಲ್ಲಿ. ಜುಲೈ ಕೊನೆಯಲ್ಲಿ ಎಕ್ಸ್‌ಬಾಕ್ಸ್ ಬಿಡುಗಡೆಯ ಜೊತೆಗೇ ಸಿಮ್ ಅಪ್‌ಡೇಟ್ 5 ಬಂತು. ಪ್ರೊಸೆಸರಿನ ಮೇಲಿನ ಹೊರೆಯೂ ಮೆಮೊರಿಯ ಬಳಕೆಯೂ ಒಮ್ಮೆಲೇ ಇಳಿದು, ಅದೇ ಹಳೆಯ ಯಂತ್ರಗಳು ಎದ್ದು ಓಡಿದವು. ದೋಷ ಇದ್ದದ್ದು ತಂತ್ರಾಂಶದಲ್ಲಿ. ಪರಿಹಾರ ಬಂದದ್ದು ಉಚಿತವಾಗಿ. ಖರ್ಚು ಮಾಡಿದವರ ಹಣ ಮಾತ್ರ ವಾಪಸು ಬರಲಿಲ್ಲ.

ಹೊಸದೇ ಬೇಕು ಎಂಬ ಹಟದ ಬಗ್ಗೆಯೂ ಒಂದು ಮಾತು. ಎಕ್ಸ್-ಪ್ಲೇನ್ 11 ಬಂದದ್ದು 2017ರಲ್ಲಿ. 2020ರಲ್ಲಿ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಅಳವಡಿಸಿದ ನಂತರ ಅದು ಸಾಧಾರಣ ಯಂತ್ರಗಳಲ್ಲೂ ಚೆನ್ನಾಗಿ ಓಡುತ್ತದೆ. ದೃಶ್ಯಗಳನ್ನೆಲ್ಲ ಡಿಸ್ಕಿನಲ್ಲೇ ಇಟ್ಟುಕೊಳ್ಳುವುದರಿಂದ ಹಾರುವಾಗ ಇಂಟರ್ನೆಟ್ಟನ್ನು ನೆಚ್ಚಬೇಕಿಲ್ಲ. ಮಳೆ ಬಂದರೆ ಫೈಬರ್ ಕಡಿಯುವ ಮಲೆನಾಡಿನ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ನೆಲದ ಚಿತ್ರವನ್ನೆಲ್ಲ ದೂರದಿಂದ ಹರಿಸಿ ತರುವ 2024ರ ಸಿಮ್ಯುಲೇಟರ್ ಸೆಕೆಂಡಿಗೆ 10 ಮೆಗಾಬಿಟ್ ಇಂಟರ್ನೆಟ್ ಇಲ್ಲದೆ ಮಿಸುಕುವುದಿಲ್ಲ, ಚೆನ್ನಾಗಿರಬೇಕಾದರೆ 50 ಬೇಕು. ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಇನ್ನೂ ಅಗ್ಗದ ಯಂತ್ರದಲ್ಲಿ ಓಡುತ್ತದೆ. ಅದರಲ್ಲಿ ಬೆಂಗಳೂರೆಂದರೆ ಇವತ್ತಿಗೂ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವೇ, ಏಕೆಂದರೆ ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರ ಮೇ ತಿಂಗಳಲ್ಲಿ. ಅದರಿಂದ ಕಲಿಕೆಗೆ ಏನೂ ಕೊರತೆಯಿಲ್ಲ. ಅಡ್ಡಗಾಳಿಯಲ್ಲಿ ಮೂಗನ್ನು ಎಷ್ಟು ಓರೆ ಹಿಡಿಯಬೇಕು, ಇಳಿಯುವ ದಾರಿ ತೋರುವ ಐಎಲ್‌ಎಸ್ ಮುಳ್ಳನ್ನು ಹೇಗೆ ಹಿಂಬಾಲಿಸಬೇಕು, ಸ್ಟಾಲ್ ಆದರೆ ಮೊದಲು ಏನು ಮಾಡಬೇಕು ಎಂಬುದು 2006ರಲ್ಲೂ ಇದೇ, ಈಗಲೂ ಇದೇ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಮಾನ್ಯ ಮಾಡಿದ ಸುಧಾರಿತ ತರಬೇತಿ ಸಾಧನಗಳಲ್ಲಿ ಕಳೆದ 20 ಗಂಟೆಗಳವರೆಗೆ ಇನ್‌ಸ್ಟ್ರುಮೆಂಟ್ ರೇಟಿಂಗಿನ ಲೆಕ್ಕಕ್ಕೆ ಬರುತ್ತವೆ. ಮನೆಯ ಯಂತ್ರಕ್ಕೆ ಆ ಮಾನ್ಯತೆ ಸಿಗುವುದಿಲ್ಲ, ಅದು ಬೇರೆ ಮಾತು. ಆದರೆ ಆ ಮಾನ್ಯತೆಯ ತಿರುಳು ಹಿಡಿಕೆಗಳಲ್ಲಿ, ಸೂಚಕ ಫಲಕಗಳಲ್ಲಿ, ಹಾರಾಟದ ಲೆಕ್ಕದಲ್ಲಿದೆ. ಮೋಡ ಎಷ್ಟು ನೊರೆನೊರೆಯಾಗಿ ಕಾಣುತ್ತದೆ ಎಂಬುದರಲ್ಲಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಬೆಂಗಳೂರಿನ ಕಂಪನಿಗಳು ಲೀಸ್ ಮುಗಿದ ಮೇಲೆ ಹಿಂದಿರುಗಿಸುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಎಂಟನೇ ಪೀಳಿಗೆಯ ಐ5 ಇರುವುದನ್ನೇ ಕೇಳಿ. ಅಸೋಬೋ ಶಿಫಾರಸು ಮಾಡಿದ ಐ5-8400 ಅದೇ ಪೀಳಿಗೆಯದು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದೂ ಅಲ್ಲಿಂದ ಮೇಲಿನ ಇಂಟೆಲ್ ಪ್ರೊಸೆಸರುಗಳನ್ನು. ತೆಳ್ಳನೆಯ ಪುಟ್ಟ ಪೆಟ್ಟಿಗೆಯನ್ನು ಬಿಟ್ಟು ಟವರ್ ಕೇಳಿ, ಏಕೆಂದರೆ ಪುಟ್ಟ ಪೆಟ್ಟಿಗೆಯಲ್ಲಿ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಸುತ್ತದೆ. ಈ ಕಂಪನಿ ಯಂತ್ರಗಳ ಎಸ್‌ಎಂಪಿಎಸ್ ಬೇರೆಯದೇ ಅಳತೆಯದ್ದಾಗಿರುತ್ತದೆ, ಕಾರ್ಡಿಗೆ ಪ್ರತ್ಯೇಕ ವೈರು ಬಹಳಷ್ಟರಲ್ಲಿ ಇರುವುದಿಲ್ಲ. ಆದ್ದರಿಂದ ಮದರ್‌ಬೋರ್ಡಿನಿಂದಲೇ ವಿದ್ಯುತ್ ಎಳೆದುಕೊಳ್ಳುವ, 75 ವ್ಯಾಟಿನ ಜಿಟಿಎಕ್ಸ್ 1650ರಂಥ ಕಾರ್ಡ್ ಸರಿಹೊಂದುತ್ತದೆ. ಅದರ ಶಕ್ತಿ ಜಿಟಿಎಕ್ಸ್ 970ಕ್ಕೆ ಹತ್ತಿರ. ಹೊಸದಾಗಿ ಜೋಡಿಸಿಕೊಳ್ಳುವವರು ಐ3-12100ಎಫ್ ಅಥವಾ ರೈಜನ್ 5 5600, ಜೊತೆಗೆ 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600ರ ಮಟ್ಟದ ಕಾರ್ಡಿನಲ್ಲಿ ನಿಲ್ಲಿಸಬಹುದು. ಅಲ್ಲಿಂದ ಮೇಲೆ ಹಾಕುವ ಪ್ರತಿ ಸಾವಿರಕ್ಕೂ ಸಿಗುವ ಫಲ ಕಡಿಮೆಯಾಗುತ್ತಾ ಹೋಗುತ್ತದೆ.

ರ್ಯಾಮ್ 16 ಜಿಬಿ ಬೇಕು, ಅದೂ ಎರಡು ಕಡ್ಡಿಗಳಲ್ಲಿ. ಒಂದೇ ಕಡ್ಡಿ ಹಾಕಿ ಮಾರುವ ಅಭ್ಯಾಸ ನಮ್ಮ ಅಂಗಡಿಗಳಲ್ಲಿ ಇದೆ. ಹಾಗೆ ಮಾಡಿದರೆ ಪ್ರೊಸೆಸರಿಗೂ ಮೆಮೊರಿಗೂ ನಡುವಿನ ದಾರಿ ಅರ್ಧವಾಗುತ್ತದೆ, ಮುಖ್ಯ ಎಳೆ ಇನ್ನಷ್ಟು ಕಾಯುತ್ತದೆ. ಎಸ್‌ಎಸ್‌ಡಿ ಇರಲೇಬೇಕು, ಅಗ್ಗದ ಸಾಟಾ ಆದರೂ ನಡೆಯುತ್ತದೆ. ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಮಾತ್ರ ಯಾವ ಕಾರಣಕ್ಕೂ ಬೇಡ. ಬಣ್ಣದ ದೀಪಗಳಿಗೆ ಕೊಡುವ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೂ ಯುಪಿಎಸ್‌ಗೂ ಕೊಡಿ, ನಮ್ಮೂರಿನ ಕರೆಂಟಿಗೆ ಅದು ಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವಾಗ ಅರ್ಧ ಗಂಟೆ ಪೂರ್ತಿ ಹೊರೆಯಲ್ಲಿ ಓಡಿಸಿ ನೋಡಿ. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ಜಾಲ ತನ್ನ ವಿಧಾನ ಬದಲಿಸಿದ ಮೇಲೆ ಹಗಲಿರುಳು ದುಡಿದ ಗಣಿಗಾರಿಕೆಯ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಿದ್ದಿವೆ.

ಉಳಿದ ಹಣದಲ್ಲಿ ಮೊದಲು ಕೊಳ್ಳಬೇಕಾದದ್ದು ಜಾಯ್‌ಸ್ಟಿಕ್. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಎರಡು ಲಕ್ಷದ ಯಂತ್ರ ಕೊಂಡು ಕೀಬೋರ್ಡಿನ ಬಾಣದ ಗುರುತಿನಲ್ಲಿ ವಿಮಾನ ಹಾರಿಸುವವರು ಇದ್ದಾರೆ. ಅವರಿಗೆ ಹಾರಾಟದ ಗಂಧವೂ ತಿಳಿಯುವುದಿಲ್ಲ. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಹಳೆಯ ಮಾದರಿಯಾದರೂ ತಿರುಚಿದರೆ ರಡ್ಡರ್, ಬುಡದಲ್ಲಿ ಥ್ರಾಟಲ್ ಎರಡೂ ಅದರಲ್ಲಿವೆ. ಥ್ರಸ್ಟ್‌ಮಾಸ್ಟರಿನ ಟಿ.16000ಎಂ ಅಯಸ್ಕಾಂತದ ಸಂವೇದಕ ಬಳಸುವುದರಿಂದ ಸವೆತ ಕಡಿಮೆ, ಎಡಗೈಯವರಿಗೂ ಹೊಂದಿಸಬಹುದು. ವಿಮಾನದ ತೂಕ, ಗಾಳಿಯ ಒತ್ತಡ, ಇಳಿಯುವ ಕೊನೆಯ ಕ್ಷಣದಲ್ಲಿ ಮೂಗನ್ನು ಎತ್ತಿ ಹಿಡಿಯುವ ಆ ಹದ, ಇವು ಕೈಗೆ ಬರುವುದು ಹಿಡಿಕೆಯಿಂದ. ಯಾವ ಕಾರ್ಡೂ ಅದನ್ನು ಕೊಡುವುದಿಲ್ಲ. ಬೆಲೆಗಳು ತಿಂಗಳಿಂದ ತಿಂಗಳಿಗೆ ಏರಿಳಿದರೂ, ಹಳೆಯ ಟವರ್, ಕಾರ್ಡ್, ಜಾಯ್‌ಸ್ಟಿಕ್ ಮೂರೂ ಸೇರಿ ಆ ಎರಡು ಲಕ್ಷದ ಕಾಲು ಭಾಗವನ್ನು ದಾಟಬೇಕಿಲ್ಲ.

ಹಾಸ್ಟೆಲಿನಲ್ಲಿರುವವರಿಗೆ ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಿ ಎಂದು ಹೇಳುವವರು ಕಾರ್ಡಿನ ಹೆಸರು ಹೇಳುತ್ತಾರೆ, ವ್ಯಾಟ್ ಹೇಳುವುದಿಲ್ಲ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನಡಿ 35 ವ್ಯಾಟಿನಿಂದ 115 ವ್ಯಾಟಿನವರೆಗಿನ ಯಂತ್ರಗಳಿವೆ. ಬೆಂಗಳೂರಿನಿಂದ ದೆಹಲಿಗೆ ಎರಡೂವರೆ ಗಂಟೆ ಮೀರಿ ಹಾರುವಾಗ ಅಷ್ಟು ಹೊತ್ತೂ ಬಿಸಿಯಾಗುವ ತೆಳು ದೇಹ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ, ಇಳಿಯುವ ಹೊತ್ತಿಗೆ ಸರಿಯಾಗಿ ಮುಗ್ಗರಿಸುತ್ತದೆ. ಓದಿಗೆ ಲ್ಯಾಪ್‌ಟಾಪ್ ಬೇಕೇ ಬೇಕಾದರೆ ಅದು ಬೇರೆ. ಸಿಮ್ಯುಲೇಟರಿಗೆಂದೇ ಕೊಳ್ಳುವುದಾದರೆ ಅಷ್ಟೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೊಡುತ್ತದೆ.

ಎದುರು ಪಕ್ಷದ ಮಾತಿನಲ್ಲಿ ನಿಜವಿಲ್ಲವೆಂದಲ್ಲ. ತಲೆಗೆ ಹಾಕಿಕೊಳ್ಳುವ ವಿಆರ್ ಕನ್ನಡಕಕ್ಕೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬೇಕು, ವೇಗವೂ ಹೆಚ್ಚು ಬೇಕು, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಅಲ್ಲಿ ದೊಡ್ಡ ಕಾರ್ಡ್ ಬೇಕು, ಒಪ್ಪುತ್ತೇನೆ. ಪ್ರತ್ಯೇಕವಾಗಿ ಕೊಂಡು ಸೇರಿಸುವ, ಪಿಎಂಡಿಜಿಯ 737, ಫೆನಿಕ್ಸಿನ ಎ320ಯಂಥ ವಿಮಾನಗಳನ್ನು ಜನನಿಬಿಡ ನಿಲ್ದಾಣದಲ್ಲಿ ಇಳಿಸುವವರಿಗೂ ಬಲವಾದ ಪ್ರೊಸೆಸರ್, 32 ಜಿಬಿ ರ್ಯಾಮ್ ಬೇಕಾದೀತು. ಆದರೆ ಇವು ಈಗಾಗಲೇ ಈ ಹವ್ಯಾಸದಲ್ಲಿ ವರ್ಷಗಟ್ಟಲೆ ಮುಳುಗಿದವರ ಅಗತ್ಯಗಳು. ಅವರ ಅಗತ್ಯವನ್ನು ಹೊಸ್ತಿಲಲ್ಲಿ ನಿಂತವರಿಗೆ ಷರತ್ತಾಗಿ ಒಡ್ಡುವುದನ್ನೇ ನಾನು ವಿರೋಧಿಸುತ್ತಿರುವುದು.

ಕೊಳ್ಳುವ ಶಕ್ತಿಯೇ ಇಲ್ಲದವರಿಗೂ ದಾರಿ ಇದೆ. ಫ್ಲೈಟ್‌ಗಿಯರ್ 1997ರಿಂದ ಬೆಳೆದು ಬಂದ ಮುಕ್ತ ತಂತ್ರಾಂಶ. ಶುಲ್ಕವಿಲ್ಲ, ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತದೆ, ಅದರ ಸೆಸ್ನಾ 172 ಕಲಿಯುವವನಿಗೆ ಬೇಕಾದಷ್ಟು ನಿಖರವಾಗಿದೆ. ನಮ್ಮ ಪಿಯು ಮತ್ತು ಪದವಿ ಕಾಲೇಜುಗಳ ಕಂಪ್ಯೂಟರ್ ಲ್ಯಾಬುಗಳಲ್ಲಿ ಅದನ್ನು ಓಡಿಸಬಲ್ಲ ಯಂತ್ರಗಳು ಈಗಾಗಲೇ ಇವೆ, ಶನಿವಾರ ಮಧ್ಯಾಹ್ನ ಆ ಲ್ಯಾಬುಗಳಿಗೆ ಬೀಗ ಬಿದ್ದಿರುತ್ತದೆ. ಪ್ರಾಂಶುಪಾಲರು ಮನಸ್ಸು ಮಾಡಿ ಆ ಬೀಗ ತೆಗೆಸಲಿ, ಭೌತಶಾಸ್ತ್ರದ ಮೇಷ್ಟ್ರು ಜೊತೆಯಲ್ಲಿ ಕೂರಲಿ, ಕಾಲೇಜು ಒಂದೆರಡು ಜಾಯ್‌ಸ್ಟಿಕ್ ಕೊಳ್ಳಲಿ. ಇಷ್ಟಕ್ಕೆ ಯಾವ ಅನುದಾನಕ್ಕೂ ಕಾಯಬೇಕಾಗಿಲ್ಲ.